ಹೊರಗಿನ ಕಣ್ಣೂ ಒಳಗಿನ ಶಾಲೆಯೂ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕೋಣೆಗಳಲ್ಲಿ ಕ್ಯಾಮರಾಗಳನ್ನಿಟ್ಟು, ಒಳಗೆ ನಡೆಯುವದೆಲ್ಲವನ್ನು ಜಿಲ್ಲೆಯ ಕಚೇರಿಯಲ್ಲಿ ಕುಳಿತವರು ಆ ಕ್ಷಣದಲ್ಲಿಯೇ ಕಾಣುವಂಥ ಏರ್ಪಾಡು 2024ನೆಯ ಇಸವಿಯಲ್ಲಿ ಆರಂಭವಾಯಿತು. ಅದಕ್ಕೆ ವೆಬ್‌ಕಾಸ್ಟಿಂಗ್ ಎಂದು ಹೆಸರು. ಅಂದಿನಿಂದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಶಿಕ್ಷಕವರ್ಗದಲ್ಲಿ ಒಂದು ಬಗೆಯ ಅಸಮಾಧಾನದ ಮಾತು ನಿಂತಿಲ್ಲ. ಮಾಸ್ತರನನ್ನು ಕಳ್ಳನಂತೆ ಕಾಯುವದು ವಿದ್ಯೆಗೆ ಅಪಮಾನವೆಂದೂ, ಎಳೆಯ ಮಕ್ಕಳು ಯಂತ್ರದ ಕಣ್ಣಿಗೆ ಬೆದರಿ ಬಂದುದನ್ನೂ ಮರೆತರೆಂದೂ ಕೆಲವರು ಹೇಳುತ್ತಿದ್ದಾರೆ. ಇತ್ತ ಮೇಲಧಿಕಾರಿಗಳಾದರೋ, ಆ ಕಣ್ಣು ಕಂಡುದನ್ನು ಓದಿಕೊಳ್ಳದೆ, ಕೈಗೆ ಕೋಲು ಸಿಕ್ಕಿತೆಂಬ ಉತ್ಸಾಹದಿಂದ ನೋಟೀಸುಗಳ ಮಳೆಗರೆಯುತ್ತಿದ್ದಾರೆ. ಒಬ್ಬರಿಗೆ ನೋಡುವವನ ಮೇಲೆ ಕೋಪ. ಇನ್ನೊಬ್ಬರಿಗೆ ನೋಡಿಸಿಕೊಂಡವನ ಮೇಲೆ ಕೋಪ. ಇವರಿಬ್ಬರ ನಡುವೆ ಬಾಕಿನ ಮೇಲೆ ಕುಳಿತ ಹುಡುಗನು ಏನು ಕಲಿತನು, ಏನು ಕಲಿಯಲಿಲ್ಲ ಎಂಬುದನ್ನು ಕೇಳುವವರು ಮಾತ್ರ ಯಾರೂ ಇಲ್ಲ.

ಮೊದಲು ಅಂಕಿಗಳನ್ನು ನೋಡಬೇಕು. 2023ರಲ್ಲಿ ರಾಜ್ಯದ ಫಲವು ನೂರಕ್ಕೆ 83.89 ಇದ್ದಿತು. ಮರುವರ್ಷ ಕ್ಯಾಮರಾ ಬಂದಿತು. 8,59,967 ಮಕ್ಕಳು ಕುಳಿತು 6,31,204 ಮಂದಿ ತೇರ್ಗಡೆಯಾದರು, ಎಂದರೆ ನೂರಕ್ಕೆ 73.40. ಇಷ್ಟೇ ಆಗಿದ್ದರೆ ಹತ್ತು ಅಂಶಗಳ ಇಳಿತವೆಂದು ಸಮಾಧಾನ ಮಾಡಿಕೊಳ್ಳಬಹುದಾಗಿತ್ತು. ಆದರೆ ಆ 73.40 ಕೂಡ ತನ್ನ ಕಾಲ ಮೇಲೆ ತಾನು ನಿಂತುದಲ್ಲ. ಕೃಪಾಂಕಗಳ ಪ್ರಮಾಣವನ್ನು ನೂರಕ್ಕೆ 10ರಿಂದ 20ಕ್ಕೆ ಏರಿಸಿ, ಕೃಪೆಗೆ ಪಾತ್ರರಾಗಲು ಬೇಕಾದ ಅಂಕಗಳನ್ನು 35ರಿಂದ 25ಕ್ಕೆ ಇಳಿಸಿ, ಸುಮಾರು 1.70 ಲಕ್ಷ ಮಕ್ಕಳನ್ನು ಹೊಸ್ತಿಲು ದಾಟಿಸಿದ ಮೇಲೆ ಬಂದ ಫಲವದು. ಆ ಊರೆಗೋಲನ್ನು ತೆಗೆದರೆ ನೂರಕ್ಕೆ 54ರ ಆಸುಪಾಸಿಗೆ ಬಂದು ನಿಲ್ಲುತ್ತಿತ್ತು. 2025ರಲ್ಲಿ ಆ ಹೆಚ್ಚಿನ ಕೃಪೆಯನ್ನು ಹಿಂತೆಗೆದುಕೊಂಡರು. 8,42,173 ಮಕ್ಕಳಲ್ಲಿ 5,24,984 ಮಂದಿ ಗೆದ್ದರು, ನೂರಕ್ಕೆ 62.34.

ಕೃಪಾಂಕವೆಂಬ ಈ ಶಬ್ದವನ್ನು ಯಾರು ಕಟ್ಟಿದರೋ, ಅವರು ಸಂಸ್ಕೃತವನ್ನು ಬಲ್ಲವರೇ ಇರಬೇಕು. ಅಂಕವೆಂದರೆ ಎಣಿಕೆಯ ಗುರುತು. ಅಂಕವೆಂದರೆ ತಾಯಿಯ ತೊಡೆಯೂ ಹೌದು. ಅಂಕವೆಂದರೆ ಚಂದ್ರನ ಮೈಮೇಲಿನ ಕಲೆಯೂ ಹೌದು. ಸರಕಾರವು ಕೊಟ್ಟುದು ಮೊದಲನೆಯ ಅರ್ಥದಲ್ಲಿ. ಮಕ್ಕಳು ತಿಳಿದುಕೊಂಡುದು ಎರಡನೆಯ ಅರ್ಥದಲ್ಲಿ. ಜೀವಮಾನವಿಡೀ ಅವರ ಪ್ರಮಾಣಪತ್ರಕ್ಕೆ ಅಂಟಿಕೊಂಡಿರುವದು ಮೂರನೆಯ ಅರ್ಥದಲ್ಲಿ.

ಈಗ ಅಪಮಾನದ ಮಾತಿಗೆ ಬರೋಣವೆಂದರೆ, ಪರರು ಬಂದು ಪರೀಕ್ಷಿಸುವದು ಈ ದೇಶದ ವಿದ್ಯೆಗೆ ಎಂದೂ ಅಪಮಾನವೆನಿಸಿರಲಿಲ್ಲ. ಮಿಥಿಲೆಯ ವಿದ್ಯಾಪೀಠಗಳಲ್ಲಿ ಶಲಾಕಾಪರೀಕ್ಷೆಯೆಂಬ ಒಂದು ಪದ್ಧತಿಯಿದ್ದಿತು. ಓಲೆಯ ಗ್ರಂಥದ ಕಟ್ಟಿನೊಳಗೆ ಒಂದು ಕಡ್ಡಿಯನ್ನು ಚುಚ್ಚುವದು. ಅದು ಯಾವ ಓಲೆಗೆ ತಾಗಿತೋ ಆ ಓಲೆಯ ವಿಷಯವನ್ನು ವಿದ್ಯಾರ್ಥಿಯು ಅಲ್ಲಿಯೇ ವ್ಯಾಖ್ಯಾನಿಸುವದು. ಯಾವ ಓಲೆಗೆ ತಾಗೀತೆಂದು ಗುರುವಿಗೂ ಗೊತ್ತಿಲ್ಲ, ಶಿಷ್ಯನಿಗೂ ಗೊತ್ತಿಲ್ಲ. ಮುಖ್ಯವಾದ ಪ್ರಶ್ನೆಗಳ ಚೀಟಿಯನ್ನು ಹಿಂದಿನ ರಾತ್ರಿ ಹಂಚುವದಕ್ಕೆ ಅಲ್ಲಿ ಎಡೆಯೇ ಇರಲಿಲ್ಲ. ಸಭೆಯಲ್ಲಿ ವಾಕ್ಯಾರ್ಥಕ್ಕೆ ನಿಂತ ಪಂಡಿತನನ್ನು ಸುತ್ತಲೂ ಕುಳಿತ ಹತ್ತು ಊರಿನ ವಿದ್ವಾಂಸರು ಎವೆಯಿಕ್ಕದೆ ನೋಡುತ್ತಿದ್ದರು. ಹತ್ತು ಜೋಡಿ ಜೀವಂತ ಕಣ್ಣುಗಳಿಗೆ ಅಂಜದಿದ್ದ ವಿದ್ಯೆಯು ಗೋಡೆಯ ಮೂಲೆಯಲ್ಲಿ ತೂಗುವ ಒಂದು ಗಾಜಿನ ಕಣ್ಣಿಗೆ ಅಂಜುವದೆಂದರೆ, ದೋಷವು ಗಾಜಿನದೋ ವಿದ್ಯೆಯದೋ?

ಅಷ್ಟು ದೂರ ಹೋಗುವದೂ ಬೇಡ. ಗುರುದೇವ ರಾನಡೆಯವರು 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದರು. ಅಲ್ಲಿಯ ಪರಶುರಾಮಭಾವೂ ಹೈಸ್ಕೂಲಿನಲ್ಲಿಯೇ ಕಲಿತರು. 1902ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಮ್ಯಾಟ್ರಿಕ್ ಪರೀಕ್ಷೆಯಲ್ಲಿ ಗೆದ್ದು ಜಗನ್ನಾಥ ಶಂಕರಶೇಟ ವಿದ್ಯಾರ್ಥಿವೇತನಕ್ಕೆ ಪಾತ್ರರಾದರು. ಒಂದು ಸಣ್ಣ ಸಂಸ್ಥಾನದ ಊರಿನ ಹುಡುಗ. ಅವನ ಉತ್ತರಗಳನ್ನು ತಿದ್ದಿದವರು ಮುಂಬಯಿಯ ಅಪರಿಚಿತರು. ಆ ಅಪರಿಚಿತರು ಒಪ್ಪಿದರೆಂದೇ ಜಮಖಂಡಿಯ ಶಾಲೆಯ ಹೆಸರು ಹೊರಗೆ ಹೋಯಿತು. ತನ್ನ ಶಾಲೆಯ ಹುಡುಗನನ್ನು ತಾನೇ ಹೊಗಳಿಕೊಂಡಿದ್ದರೆ ಆ ಹೊಗಳಿಕೆಯು ಊರ ಅಗಸಿಯನ್ನು ದಾಟುತ್ತಿರಲಿಲ್ಲ.

ಮಕ್ಕಳು ಬೆದರಿದರೆಂಬ ವಾದವನ್ನು ಅಂಕಿಗಳೇ ಮುರಿಯುತ್ತವೆ. 2023ರಲ್ಲಿ ಮೊದಲ ಹತ್ತು ಜಿಲ್ಲೆಗಳ ಸಾಲಿನಲ್ಲಿ ಇಲ್ಲದಿದ್ದ ಉಡುಪಿಯು 2024ರಲ್ಲಿ, ಕ್ಯಾಮರಾದ ಕೆಳಗೆ ಕುಳಿತು, ನೂರಕ್ಕೆ 94ರಷ್ಟು ಫಲವನ್ನು ಪಡೆದು ಮೊದಲನೆಯದಾಯಿತು. ದಕ್ಷಿಣ ಕನ್ನಡವು ಅದರ ಬೆನ್ನಿಗೆ ನಿಂತಿತು. 2023ರಲ್ಲಿ ಅಗ್ರಸ್ಥಾನದಲ್ಲಿದ್ದ ಜಿಲ್ಲೆಯು ಮರುವರ್ಷ ಮೊದಲ ಹತ್ತರಲ್ಲಿ ಕೂಡ ಕಾಣಿಸಲಿಲ್ಲ. ಯಾದಗಿರಿಯು ನೂರಕ್ಕೆ 50.59ರಿಂದ ಕೊನೆಯದಾಯಿತು. ಕಡಲ ತೀರದ ಮಕ್ಕಳಿಗೆ ಒಂದು ಬಗೆಯ ಕ್ಯಾಮರಾ, ಬಯಲುಸೀಮೆಯ ಮಕ್ಕಳಿಗೆ ಇನ್ನೊಂದು ಬಗೆಯ ಕ್ಯಾಮರಾ ಇರಲಿಲ್ಲವಷ್ಟೆ. ಭಯವೇ ಕಾರಣವಾಗಿದ್ದರೆ ಭಯವು ಎಲ್ಲ ಕಡೆಗೂ ಒಂದೇ ಕೆಲಸವನ್ನು ಮಾಡಬೇಕಾಗಿತ್ತು.

ತರ್ಕಶಾಸ್ತ್ರವನ್ನು ಓದುವ ಬಾಲಕನಿಗೆ ಮೊದಲ ದಿನವೇ ಹೇಳಿಕೊಡುವ ದೃಷ್ಟಾಂತವೊಂದುಂಟು. ಬೆಟ್ಟದ ಮೇಲೆ ಹೊಗೆ ಕಾಣುತ್ತದೆ. ಆದ್ದರಿಂದ ಅಲ್ಲಿ ಬೆಂಕಿಯಿದೆ. ಹೊಗೆಯು ಬೆಂಕಿಯನ್ನು ಬಿಟ್ಟಿರಲಾರದೆಂಬ ವ್ಯಾಪ್ತಿಯು ಇರುವವರೆಗೆ ಈ ಅನುಮಾನವು ಸಾಧುವಾದುದು. ಹಾಗೆಯೇ, ತೇರ್ಗಡೆಯ ಪ್ರತಿಶತವು ಹೊಗೆ, ಕಲಿಕೆಯು ಬೆಂಕಿ. ಪ್ರತಿಶತವು ಮೇಲಿದ್ದರೆ ಕಲಿಕೆಯೂ ಮೇಲಿದೆಯೆಂದು ಜನರು ಇಷ್ಟು ವರ್ಷ ಊಹಿಸಿಕೊಂಡು ಬಂದರು. ಆದರೆ ಬೆಂಕಿಯಿಲ್ಲದೆಯೇ ಹೊಗೆಯೆಬ್ಬಿಸುವ ಕುಶಲತೆಯನ್ನು ಯಾವನಾದರೂ ಸಂಪಾದಿಸಿದನೆಂದರೆ, ಆ ಹೇತುವು ಸವ್ಯಭಿಚಾರವಾಯಿತು. ಅದರಿಂದ ಇನ್ನು ಯಾವುದನ್ನೂ ಸಾಧಿಸುವಂತಿಲ್ಲ. ನಿಜವಾಗಿ ಬೆಂಕಿ ಹೊತ್ತಿಸಿದ ಬೆಟ್ಟದ ಹೊಗೆಯನ್ನೂ ಜನರು ನಂಬದಾಗುತ್ತಾರೆ. ಕ್ಯಾಮರಾವನ್ನು ಬೈಯುವ ಪ್ರಾಮಾಣಿಕ ಶಿಕ್ಷಕನು ಈ ಒಂದು ಮಾತನ್ನು ಯೋಚಿಸಬೇಕು. ಪಕ್ಕದೂರಿನವನು ಚೀಟಿಗಳಿಂದ ತಂದ ನೂರರ ಎದುರಿಗೆ ತಾನು ಬೆವರಿನಿಂದ ತಂದ ಎಪ್ಪತ್ತು ಎಷ್ಟು ವರ್ಷ ತಲೆತಗ್ಗಿಸಿ ನಿಂತಿತ್ತು! ಆ ಗಾಜಿನ ಕಣ್ಣು ಅವನ ವೈರಿಯಲ್ಲ, ಅವನ ಸಾಕ್ಷಿ.

ಮುಧೋಳದ ಸೀಮೆಯವನೆಂದು ಕನ್ನಡಿಗರೆಲ್ಲರೂ ಹೆಮ್ಮೆಪಡುವ ರನ್ನನು ತನ್ನ ಗದಾಯುದ್ಧದಲ್ಲಿ, ಸರೋವರದ ನೀರಿನೊಳಗೆ ಅಡಗಿದ ದುರ್ಯೋಧನನನ್ನು ಭೀಮನ ಗರ್ಜನೆಯಿಂದ ಹೊರಗೆ ತರಿಸಿದನು. ಹಾಗೆ ಹೊರಗೆ ಬಂದ ಮೇಲೆಯೇ ಆ ದುರ್ಯೋಧನನು ಮತ್ತೆ ವೀರನಾಗಿ ಕಾಣುತ್ತಾನೆ. ನೀರೊಳಗಿದ್ದಷ್ಟು ಹೊತ್ತು ಅಲ್ಲ. ರನ್ನನ ಊರಿನ ಶಾಲೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಿಕ್ಷಕರ ಪಕ್ಷದ ತಪ್ಪನ್ನು ಹೇಳಿಯಾಯಿತು. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು ಕಡೆಗಿದೆ. ಟೀಕೆಯು ಬಂದಾಗ ಕಚೇರಿಯು ಹೇಗೆ ಉತ್ತರ ಕೊಡುತ್ತದೆಂಬುದನ್ನು ನೋಡಿದರೆ, ರೋಗಿಯ ಜ್ವರವನ್ನು ಅಳೆದ ವೈದ್ಯನು ಔಷಧ ಕೊಡದೆ ರೋಗಿಗೆ ಕಾರಣ ಕೇಳಿ ನೋಟೀಸು ಕೊಟ್ಟಂತೆ ಇದೆ. ರಾಜಧಾನಿಯಲ್ಲಿ ಹುಟ್ಟಿದ ಕೋಪವು ಉಪನಿರ್ದೇಶಕರಿಗೆ ಇಳಿಯುತ್ತದೆ, ಅವರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅವರಿಂದ ಮುಖ್ಯಾಧ್ಯಾಪಕರಿಗೆ, ಅಲ್ಲಿಂದ ಸಹಶಿಕ್ಷಕನಿಗೆ. ಕಟ್ಟಕಡೆಗೆ ಅದು ಕೊನೆಯ ಬಾಕಿನ ಹುಡುಗನ ಬೆನ್ನ ಮೇಲೆ ಬಂದು ಬೀಳುತ್ತದೆ, ಏಕೆಂದರೆ ಅವನ ಕೆಳಗೆ ಇನ್ನು ಯಾರೂ ಇಲ್ಲ. ನೀರು ಮೇಲಿನಿಂದ ಕೆಳಗೆ ಹರಿಯುವಾಗ ಹೊಲಗಳನ್ನು ತೋಯಿಸುತ್ತ ಹೋಗುತ್ತದೆ. ಕೋಪವು ಹರಿದ ದಾರಿಯಲ್ಲಿ ಒಂದು ಹಸಿರು ಗರಿಕೆಯೂ ಏಳುವದಿಲ್ಲ.

ಆ ಕೋಪದ ಫಲವಾಗಿ ಶಾಲೆಗಳಲ್ಲಿ ಏನು ನಡೆಯುತ್ತದೆ? ಪಾಸಿಂಗ್ ಪ್ಯಾಕೇಜು ಎಂಬ ಒಂದು ತೆಳ್ಳನೆಯ ಪುಸ್ತಿಕೆಯು ಹುಟ್ಟುತ್ತದೆ. ಹಿಂದುಳಿದ ಹುಡುಗನು ಯಾವ ಯಾವ ಪ್ರಶ್ನೆಗಳಿಗೆ ಬಾಯಿಪಾಠದ ಉತ್ತರವನ್ನು ಬರೆದರೆ ದಡ ಸೇರಬಲ್ಲನೆಂಬ ಲೆಕ್ಕ ಅದರಲ್ಲಿದೆ. ನಕ್ಷೆಯಲ್ಲಿ ನಾಲ್ಕು ಊರು, ವಿಜ್ಞಾನದಲ್ಲಿ ಎರಡು ಚಿತ್ರ, ಕನ್ನಡದಲ್ಲಿ ಒಂದು ಪದ್ಯದ ಬಾಯಿಪಾಠ, ಒಂದು ಪತ್ರಲೇಖನ. ಹಿಂದಿನವರು ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದರೆಂದು ಈಗಿನವರು ನಗುತ್ತಾರೆ. ಅಮರವನ್ನು ಬಾಯಿಪಾಠ ಮಾಡಿದವನಿಗೆ ಸಾಯುವವರೆಗೂ ಶಬ್ದಗಳು ಉಳಿಯುತ್ತಿದ್ದವು. ಪ್ಯಾಕೇಜನ್ನು ಬಾಯಿಪಾಠ ಮಾಡಿದವನಿಗೆ ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ಏನೂ ಉಳಿಯುವದಿಲ್ಲ. ಇಲ್ಲಿ ಪುಸ್ತಿಕೆಯನ್ನು ಬರೆದ ಶಿಕ್ಷಕನನ್ನು ದೂರಲಾಗದು. ಮುಳುಗುವವನಿಗೆ ಕೈಗೆ ಸಿಕ್ಕಿದ ಹಲಗೆಯನ್ನು ಒಡ್ಡಿದನು, ಅಷ್ಟೇ. ಐದನೆಯ ವರ್ಷದಿಂದ ಹದಿನೈದನೆಯ ವರ್ಷದವರೆಗೆ ಈಜು ಕಲಿಸದೆ, ಹತ್ತನೆಯ ತರಗತಿಯ ಜನೆವರಿಯಲ್ಲಿ ಹಲಗೆ ಹುಡುಕುವಂತೆ ಅವನನ್ನು ಒತ್ತಿದವರು ಯಾರೆಂಬುದೇ ಪ್ರಶ್ನೆ.

ಇಂಥ ಒತ್ತಡವು ಏನನ್ನು ಹೆರುತ್ತದೆಂಬುದಕ್ಕೆ ಚರಿತ್ರೆಯಲ್ಲಿ ಸಾಕಷ್ಟು ಪುರಾವೆಯಿದೆ. ಇಂಗ್ಲಂಡದಲ್ಲಿ 1862ರಿಂದ ಫಲಾನುಸಾರ ಸಹಾಯಧನವೆಂಬ ಪದ್ಧತಿಯನ್ನು ರಾಬರ್ಟ್ ಲೋವನು ಜಾರಿಗೆ ತಂದನು. ಇನ್ಸ್ಪೆಕ್ಟರನ ಮುಂದೆ ಓದು, ಬರಹ, ಲೆಕ್ಕಗಳಲ್ಲಿ ಗೆದ್ದ ಮಕ್ಕಳ ಸಂಖ್ಯೆಯಂತೆ ಶಾಲೆಗೆ ಹಣ. ಕೆಲವೇ ವರ್ಷಗಳಲ್ಲಿ ಮಕ್ಕಳು ಓದುವ ಪುಸ್ತಕವನ್ನೇ ಕಂಠಪಾಠ ಮಾಡಿ ಓದಿದಂತೆ ನಟಿಸತೊಡಗಿದರು. ಈ ಪದ್ಧತಿಯನ್ನು ಅತ್ಯಂತ ಕಟುವಾಗಿ ಖಂಡಿಸಿದವನು ಶಿಕ್ಷಕರ ಕಡೆಯವನಲ್ಲ, ಸ್ವತಃ ಶಾಲಾ ಇನ್ಸ್ಪೆಕ್ಟರನಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್ ಎಂಬುದು ಗಮನಿಸತಕ್ಕದ್ದು. ಆ ಶತಮಾನದ ಕೊನೆಯ ದಶಕದಲ್ಲಿ ಇಂಗ್ಲಂಡವು ಅದನ್ನು ಕೈಬಿಟ್ಟಿತು. ಮುಂಬಯಿ ಇಲಾಖೆಯಲ್ಲಿಯೂ ಅದರ ರುಚಿಯನ್ನು ಸಹಾಯ ಪಡೆಯುವ ಶಾಲೆಗಳು ಆ ಶತಮಾನದಲ್ಲಿ ಕಂಡಿದ್ದವು.

ಅಮೇರಿಕೆಯ ಅಟ್ಲಾಂಟಾ ನಗರದ ಕಥೆಯು ಇನ್ನೂ ಹತ್ತಿರದ ಕಾಲದ್ದು. ಅಲ್ಲಿಯ ಶಾಲಾಜಿಲ್ಲೆಯ ಅಂಕಗಳು ವರ್ಷವರ್ಷವೂ ಏರುತ್ತ ಹೋದವು. ಮುಖ್ಯಾಧಿಕಾರಿಣಿಯು 2009ರಲ್ಲಿ ಇಡೀ ದೇಶದಲ್ಲಿಯೇ ಶ್ರೇಷ್ಠಳೆಂಬ ಬಿರುದನ್ನು ಪಡೆದಳು. ಒಂದು ವರ್ತಮಾನಪತ್ರವು ಆ ಏರಿಕೆಯ ಬಗೆಗೆ ಸಂಶಯವನ್ನೆತ್ತಿತು. ಶಾಲಾಜಿಲ್ಲೆಯು ಮೊದಲು ಮಾಡಿದ ಕೆಲಸವೆಂದರೆ ಸಂಶಯಪಟ್ಟವರ ಮೇಲೆ ಸಿಟ್ಟಿಗೆದ್ದುದು. ಕೊನೆಗೆ ರಾಜ್ಯಪಾಲನು ನೇಮಿಸಿದ ವಿಚಾರಣಾಧಿಕಾರಿಗಳು 2011ರಲ್ಲಿ ವರದಿ ಕೊಟ್ಟರು: 44 ಶಾಲೆಗಳಲ್ಲಿ 178 ಶಿಕ್ಷಕರೂ ಮುಖ್ಯಾಧ್ಯಾಪಕರೂ ಮಕ್ಕಳ ಉತ್ತರಗಳನ್ನು ಅಳಿಸಿ ತಿದ್ದುವದರಲ್ಲಿಯೋ ಅಂಥ ಮೋಸದಲ್ಲಿಯೋ ಸೇರಿದ್ದರು. 2015ರಲ್ಲಿ 11 ಮಂದಿಯು ಅಪರಾಧಿಗಳೆಂದು ತೀರ್ಪಾಯಿತು. ಅವರೆಲ್ಲರೂ ಹುಟ್ಟು ವಂಚಕರಾಗಿದ್ದರೇ? ಇಲ್ಲ. ಗುರಿಯನ್ನು ಮುಟ್ಟು, ಇಲ್ಲವಾದರೆ ಕೆಲಸವನ್ನು ಬಿಡು ಎಂಬ ಮಾತನ್ನು ಪ್ರತಿದಿನ ಕೇಳಿದ ಸಾಮಾನ್ಯ ಮನುಷ್ಯರಾಗಿದ್ದರು. ಮೇಲಿನಿಂದ ಕಣ್ಣು ಬೇಕು. ಕಣ್ಣಿನ ಜತೆಗೆ ಕೊರಳಿಗೆ ಹಗ್ಗವನ್ನೂ ಕಟ್ಟಿದರೆ, ಹಗ್ಗ ಬಿಗಿದವನು ಕಣ್ಣಿಗೆ ಮಣ್ಣೆರಚುವ ಉಪಾಯವನ್ನೇ ಹುಡುಕುತ್ತಾನೆ.

ಕಚೇರಿಗಳಲ್ಲಿ ಕುಳಿತು ಪ್ರತಿಶತವನ್ನು ಓದುವವರು ಈ ನಾಲ್ಕು ತಾಲೂಕುಗಳ ಮಣ್ಣನ್ನೂ ಒಮ್ಮೆ ಓದಬೇಕು. ಮುಧೋಳ-ಜಮಖಂಡಿಗಳು ಕಬ್ಬಿನ ಸೀಮೆ. ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮು ದೀಪಾವಳಿಯ ಹೊತ್ತಿಗೆ ಆರಂಭವಾಗಿ ಶಿವರಾತ್ರಿಯ ಆಚೆಗೂ ನಡೆಯುತ್ತದೆ. ಶಾಲೆಯ ವರ್ಷದಲ್ಲಿ ಪರೀಕ್ಷೆಗೆ ಕಟ್ಟಬೇಕಾದ ಬುತ್ತಿಯೆಲ್ಲವೂ ಅದೇ ತಿಂಗಳುಗಳಲ್ಲಿಯೇ. ಕಡಿಯುವ ತಂಡದೊಡನೆ ಹೊರಟ ತಾಯ್ತಂದೆಗಳು ಮಕ್ಕಳನ್ನು ಎಲ್ಲಿ ಬಿಡಬೇಕು? ಹಿರಿಯ ಹುಡುಗಿಯು ಕೂಸನ್ನು ಎತ್ತಿಕೊಂಡು ಹೊಲದ ಬದುವಿನಲ್ಲಿ ಕುಳಿತಾಗ, ಹಾಜರಿಯ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಏನು ಬರೆದಿದ್ದರೂ, ಅವಳ ಗಣಿತವು ಬದುವಿನಲ್ಲಿಯೇ ಉಳಿಯಿತು. ರಬಕವಿ-ಬನಹಟ್ಟಿಗಳಲ್ಲಿ ಮಗ್ಗದ ಸದ್ದು ನಸುಕಿನಲ್ಲಿ ಏಳುತ್ತದೆ. ನೇಕಾರನ ಮನೆಯಲ್ಲಿ ಕಂಡಿಕೆ ಸುತ್ತುವ ಕೈ ಎಂದಿಗೂ ಹೆಚ್ಚಾಗುವದಿಲ್ಲ. ಶಾಲೆಯಿಂದ ಮರಳಿದ ಹುಡುಗನಿಗೆ ಅಭ್ಯಾಸದ ಪುಸ್ತಕಕ್ಕಿಂತ ಮೊದಲು ನೂಲಿನ ಲಡಿ ಕೈಗೆ ಬರುತ್ತದೆ. ಬೀಳಗಿಯ ಕಡೆಗೆ ಆಲಮಟ್ಟಿಯ ಹಿನ್ನೀರು ಊರುಗಳನ್ನೇ ನುಂಗಿತು. ಊರು ಎದ್ದು ಪುನರ್ವಸತಿ ಕೇಂದ್ರಕ್ಕೆ ಹೋಯಿತು, ಶಾಲೆಯೂ ಅದರ ಬೆನ್ನು ಹತ್ತಿ ಹೋಯಿತು. 2019ರ ಆಗಸ್ಟಿನಲ್ಲಿ ಕೃಷ್ಣೆಯೂ ಘಟಪ್ರಭೆಯೂ ಉಕ್ಕಿದಾಗ ಈ ತಾಲೂಕುಗಳಲ್ಲಿ ಎಷ್ಟೋ ಶಾಲೆಗಳು ನೀರಿನಲ್ಲಿ ನಿಂತವು, ಉಳಿದವು ನಿರಾಶ್ರಿತರ ಬಿಡಾರಗಳಾದವು. ಆ ವರ್ಷ ಮೊದಲನೆಯ ತರಗತಿಯಲ್ಲಿ ಅಕ್ಷರ ತಿದ್ದುತ್ತಿದ್ದ ಕೂಸು ಮರುವರ್ಷವೇ ಮಹಾಮಾರಿಯ ಬಾಗಿಲುಮುಚ್ಚುವಿಕೆಗೆ ಸಿಕ್ಕಿತು. ಪ್ರತಿಶತದ ಪಟ್ಟಿಯಲ್ಲಿ ಇದಕ್ಕೊಂದು ಮನೆಯನ್ನು ಎಳೆದಿಲ್ಲ.

ಹೀಗೆಂದು ಬಡತನವನ್ನು ಗುರಾಣಿಯಾಗಿ ಹಿಡಿಯುವದೂ ಸರಿಯಲ್ಲ. 2024ರಲ್ಲಿ, ಆ ಗಾಜಿನ ಕಣ್ಣಿನ ಎದುರಿನಲ್ಲಿಯೇ, 625ಕ್ಕೆ 625 ಅಂಕಗಳನ್ನು ಪಡೆದು ಇಡೀ ರಾಜ್ಯಕ್ಕೆ ಮೊದಲಿಗಳಾದವಳು ಮುಧೋಳ ತಾಲೂಕಿನ ಮೆಳ್ಳಿಗೇರಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ವಿದ್ಯಾರ್ಥಿನಿ, ಒಕ್ಕಲಿಗನ ಮಗಳು. ಆ ವರ್ಷ ಪೂರ್ಣಾಂಕಗಳನ್ನು ಪಡೆದವಳು ಅವಳೊಬ್ಬಳೇ. ಬೆಂಗಳೂರಿನ ಸಾವಿರ ಶುಲ್ಕದ ಶಾಲೆಗಳು ತಲೆಯೆತ್ತಿ ನೋಡಬೇಕಾಯಿತು. ಬಾಗಲಕೋಟೆ ಜಿಲ್ಲೆಯೂ ರಾಜ್ಯದ ಸರಾಸರಿಗಿಂತ ಮೇಲೆಯೇ ನಿಂತಿತು. ಇದರ ಮೇಲೆ ಎಷ್ಟು ಹಾರಗಳು, ಎಷ್ಟು ಶಾಲುಗಳು! ಆದರೆ ಆ ಬಾಲಿಕೆಯ ಗೆಲವನ್ನು ಅಧಿಕಾರಿಗಳು ತಮ್ಮ ಗೆಲವೆಂದು ಹೊದೆದುಕೊಳ್ಳುವ ಮೊದಲು ಒಂದು ಭೇದವನ್ನು ಕಾಣಬೇಕು. ವಸತಿ ಶಾಲೆಗೆ ಆರನೆಯ ತರಗತಿಯಲ್ಲಿ ಪ್ರವೇಶಪರೀಕ್ಷೆಯಿಂದ ಆರಿಸಿದ ಮಕ್ಕಳು ಬರುತ್ತಾರೆ. ಅಲ್ಲಿಯೇ ಉಣ್ಣುತ್ತಾರೆ, ಅಲ್ಲಿಯೇ ಮಲಗುತ್ತಾರೆ, ಹಂಗಾಮಿನಲ್ಲಿ ಕಬ್ಬಿನ ಹೊಲಕ್ಕೆ ಹೋಗುವದಿಲ್ಲ. ಒಕ್ಕಲಿಗನ ಮಗಳಿಗೆ ಊಟ, ದೀಪ, ಪುಸ್ತಕ, ದಿನಾಲು ಬರುವ ಶಿಕ್ಷಕ ಇವಿಷ್ಟು ದೊರೆತರೆ ಅವಳಿಗೆ ಕೃಪಾಂಕವೂ ಬೇಡ, ಕ್ಯಾಮರಾದ ಅಂಜಿಕೆಯೂ ಇಲ್ಲವೆಂದು ಮೆಳ್ಳಿಗೇರಿಯು ತೋರಿಸಿತು. ಉಳಿದ ಒಕ್ಕಲಿಗರ ಮಕ್ಕಳಿಗೆ ಇವು ಏಕೆ ದೊರೆಯಲಿಲ್ಲವೆಂಬ ಪ್ರಶ್ನೆಗೆ ಹಾರ ಹಾಕಿದವರೇ ಉತ್ತರ ಕೊಡಬೇಕು.

ಸರಕಾರವು ಕಂಡುಕೊಂಡ ಉತ್ತರವು ಬೇರೆಯೇ ಆಗಿದೆ. 2025ರ ಅಕ್ಟೋಬರಿನಲ್ಲಿ ತೇರ್ಗಡೆಯ ಮಟ್ಟವನ್ನು ನೂರಕ್ಕೆ 35ರಿಂದ 33ಕ್ಕೆ ಇಳಿಸಿತು. ಆಂತರಿಕ ಅಂಕಗಳನ್ನೂ ಕೂಡಿಸಿ 625ರಲ್ಲಿ 206 ಬಂದರೆ ಸಾಕು. ಬೇರೆ ಕೆಲವು ಮಂಡಲಿಗಳಲ್ಲಿಯೂ 33 ಇದೆಯೆಂಬ ಸಮರ್ಥನೆಯಿದೆ, ಅದು ಸುಳ್ಳಲ್ಲ. ಆದರೆ ಆಂತರಿಕ ಅಂಕಗಳೆಂದರೆ ಶಾಲೆಯು ತಾನೇ ತನ್ನ ಮಕ್ಕಳಿಗೆ ಕೊಡುವ ಅಂಕಗಳು. ಪರೀಕ್ಷೆಯ ಕೋಣೆಯಲ್ಲಿ ಕಣ್ಣು ತೆರೆಯಿಸಿದ ಕೈಯೇ ಈ ಬಾಗಿಲಿನಲ್ಲಿ ಕಣ್ಣು ಮುಚ್ಚಿಸಿದರೆ, ಮೊದಲಿನ ಕಾವಲಿಗೆ ಅರ್ಥವೇನು? ಮುಂದಿನ ವರ್ಷಗಳಲ್ಲಿ ಫಲವು ಏರಿತೆಂದು ಡಂಗುರ ಸಾರುವಾಗ, ಏರಿದುದು ಮಕ್ಕಳೋ ಇಳಿದುದು ಹೊಸ್ತಿಲೋ ಎಂಬುದನ್ನು ವಾಚಕರು ವಿಚಾರಿಸಿ ನೋಡುವರೆಂದು ಆಶಿಸಬೇಕು.

ಹೊರಗಿನ ಅಧಿಕಾರಿಯು ಹೇಗಿರಬೇಕೆಂಬುದಕ್ಕೆ ಈ ನಾಡಿನಲ್ಲಿ ಆದರ್ಶದ ಅಭಾವವಿಲ್ಲ. ಈ ಸೀಮೆಯು 1948ರವರೆಗೆ ತುಂಡುತುಂಡಾಗಿತ್ತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು. ರಬಕವಿಯು ಸಾಂಗಲಿ ಸಂಸ್ಥಾನಕ್ಕೆ, ಅದಕ್ಕೆ ಮೈ ತಾಗಿದ ಬನಹಟ್ಟಿಯು ಜಮಖಂಡಿ ಸಂಸ್ಥಾನಕ್ಕೆ. ಬೀಳಗಿಯು ಇಂಗ್ಲಿಷರ ಜಿಲ್ಲೆಗೆ. ದರ್ಬಾರುಗಳ ಭಾಷೆಯು ಮರಾಠಿ. ಪಕ್ಕದ ಬೆಳಗಾವಿ-ಧಾರವಾಡಗಳ ಇಂಗ್ಲಿಷ್ ಪ್ರಾಂತದಲ್ಲಿ ಕೂಡ ಕನ್ನಡ ಮಕ್ಕಳು ಮರಾಠಿಯಲ್ಲಿಯೇ ಅಕ್ಷರ ಕಲಿಯುತ್ತಿದ್ದ ಕಾಲದಲ್ಲಿ, 1860ರ ದಶಕದಲ್ಲಿ, ಕನ್ನಡ ಶಾಲೆಗಳನ್ನು ನೆಲೆಗೊಳಿಸಿದವರು ಡೆಪ್ಯುಟಿ ಚನ್ನಬಸಪ್ಪನವರು. ಡೆಪ್ಯುಟಿಯೆಂಬುದು ಅವರ ಹುದ್ದೆ. ಶಾಲೆಗಳನ್ನು ತಪಾಸಣೆ ಮಾಡುವ ಅಧಿಕಾರಿಯ ಹುದ್ದೆ. ಜನರು ಅದನ್ನೇ ಪ್ರೀತಿಯಿಂದ ಅವರ ಹೆಸರಿನ ಮುಂದೆ ಸೇರಿಸಿದರು. ತಪಾಸಣೆಯ ಅಧಿಕಾರಿಯೊಬ್ಬನ ಹುದ್ದೆಯನ್ನು ಜನರು ಬಿರುದಿನಂತೆ ಕಾಯ್ದಿಟ್ಟುಕೊಂಡ ಉದಾಹರಣೆ ಇನ್ನೊಂದು ಸಿಕ್ಕುವದು ಕಷ್ಟ. ಅವರೂ ಶಾಲೆಯ ದೋಷಗಳನ್ನು ಹುಡುಕಲೆಂದೇ ಹೋದವರು. ಅವರು ಕಂಡ ದೊಡ್ಡ ದೋಷವೆಂದರೆ ಕನ್ನಡದ ಕೂಸಿಗೆ ಕನ್ನಡ ಪುಸ್ತಕವೂ ಕನ್ನಡ ಬಲ್ಲ ಮಾಸ್ತರನೂ ಇಲ್ಲದಿರುವದು. ಅದಕ್ಕೆ ಅವರು ಕೂಸಿಗೆ ನೋಟೀಸು ಕೊಡಲಿಲ್ಲ. ಪುಸ್ತಕಗಳನ್ನು ಬರೆದರು, ಬರೆಯಿಸಿದರು, ಮಾಸ್ತರರನ್ನು ತಯಾರಿಸಿದರು.

ಇಂದಿನ ಅಧಿಕಾರಿಗೆ ಕ್ಯಾಮರಾ ಇದೆ, ಗಣಕಯಂತ್ರವಿದೆ, ವಾಹನವಿದೆ. ಆದರೆ ಅವನು ಶಾಲೆಗೆ ಬರುವ ಕಾಲ ಯಾವದು? ಪರೀಕ್ಷೆ ಸಮೀಪಿಸಿದ ಜನೆವರಿ-ಫೆಬ್ರುವರಿಗಳು. ಹೊಲವನ್ನು ನೋಡುವದಕ್ಕೆ ಸುಗ್ಗಿಯಲ್ಲಿ ಬರುವವನು ಬೆಳೆಯನ್ನು ಎಣಿಸಬಲ್ಲನು, ಬೆಳೆಸಲಾರನು. ಅವನು ಜೂನ್ ತಿಂಗಳಲ್ಲಿ ಬರಬೇಕು, ಹತ್ತನೆಯ ತರಗತಿಗಲ್ಲ, ಮೂರನೆಯ ನಾಲ್ಕನೆಯ ತರಗತಿಗಳಿಗೆ ಬರಬೇಕು. ಅಲ್ಲಿಯ ಒಂದು ಕೂಸಿನ ಕೈಗೆ ಅದು ಹಿಂದೆ ಕಂಡಿರದ ಒಂದು ಪುಟವನ್ನು ಕೊಟ್ಟು ಓದಿಸಬೇಕು. ಅದೇ ಈ ಕಾಲದ ಶಲಾಕಾಪರೀಕ್ಷೆ. ಓದದಿದ್ದರೆ, ಆ ತರಗತಿಗೆ ಎಷ್ಟು ಶಿಕ್ಷಕರು ಮಂಜೂರಾಗಿದ್ದಾರೆ, ಎಷ್ಟು ಮಂದಿ ಇದ್ದಾರೆ, ಇರುವವರಲ್ಲಿ ಅತಿಥಿ ಶಿಕ್ಷಕರೆಷ್ಟು, ಅವರ ಗೌರವಧನವು ಎಷ್ಟು ತಿಂಗಳಿನಿಂದ ನಿಂತಿದೆಯೆಂದು ತನ್ನ ಕಚೇರಿಯ ದಪ್ತರವನ್ನೇ ತೆಗೆದು ನೋಡಬೇಕು. ಕಡ್ಡಾಯ ಶಿಕ್ಷಣದ 2009ರ ಕಾಯಿದೆಯು ಕಿರಿಯ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕನೆಂದು ಬರೆದಿದೆ. ಆ ಒಬ್ಬ ಶಿಕ್ಷಕನು ಸಮೀಕ್ಷೆ, ಗಣತಿ, ಚುನಾವಣೆ, ತರಬೇತಿ, ತಂತ್ರಾಂಶಕ್ಕೆ ಅಂಕಿ ತುಂಬುವದು ಇವೆಲ್ಲವುಗಳ ನಡುವೆ ಪಾಠಕ್ಕೆ ಎಷ್ಟು ದಿನ ನಿಂತನೆಂಬುದನ್ನು ನೋಡುವ ಕ್ಯಾಮರಾ ಯಾವ ಗೋಡೆಯ ಮೇಲೆಯೂ ಇಲ್ಲ. ಶಿಕ್ಷಕನ ಖಾಲಿ ಕುರ್ಚಿಯ ಮೇಲೆ ಅಂಥ ಒಂದನ್ನು ತೂಗಹಾಕಿ, ಅದರ ಚಿತ್ರವನ್ನು ವಿಧಾನಸೌಧದಲ್ಲಿ ಕುಳಿತವರು ಆ ಕ್ಷಣದಲ್ಲಿಯೇ ಕಾಣುವಂತೆ ಏರ್ಪಾಡು ಮಾಡಿದರೆ ವೆಬ್‌ಕಾಸ್ಟಿಂಗು ಸಾರ್ಥಕವಾದೀತು.

ಇನ್ನು ಈ ಪುಟಗಳನ್ನು ಓದುವ ಸುಶಿಕ್ಷಿತ ಗೃಹಸ್ಥರ ಮಾತು. ಫಲಿತಾಂಶದ ದಿನ ಪತ್ರಿಕೆಯನ್ನು ಬಿಡಿಸಿ, ಜಿಲ್ಲೆಯು ಎಷ್ಟನೆಯ ಸ್ಥಾನಕ್ಕೆ ಬಂದಿತೆಂದು ನೋಡಿ, ಸರಕಾರಿ ಮಾಸ್ತರರಿಗೆ ಸಂಬಳ ಹೆಚ್ಚಾಯಿತೆಂದು ಚಹದ ಬಟ್ಟಲಿನೊಡನೆ ತೀರ್ಪು ಕೊಡುವವರಲ್ಲಿ ಅವರೇ ಮುಂದು. ಅವರ ಮಕ್ಕಳು ಆ ಶಾಲೆಗಳಲ್ಲಿಲ್ಲ. ಹಳದಿಯ ಮೋಟಾರು ಬಂದು ಅವರನ್ನು ಇಂಗ್ಲಿಷ್ ಶಾಲೆಗೆ ಒಯ್ಯುತ್ತದೆ. ಊರಿನಲ್ಲಿ ನಾಲ್ಕು ಅಕ್ಷರ ಬಲ್ಲವರು, ಅರ್ಜಿ ಬರೆಯಬಲ್ಲವರು, ಅಧಿಕಾರಿಯ ಎದುರಿಗೆ ಕುರ್ಚಿಯ ಮೇಲೆ ಕುಳಿತು ಮಾತಾಡಬಲ್ಲವರು ಎಲ್ಲರೂ ಸರಕಾರಿ ಶಾಲೆಯನ್ನು ಬಿಟ್ಟು ನಡೆದ ಮೇಲೆ, ಅದರೊಳಗೆ ಉಳಿದವರು ಕಬ್ಬು ಕಡಿಯುವವನ ಮಗಳು, ಕೂಲಿ ನೇಕಾರನ ಮಗ. ಅವರ ತಂದೆಯು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯನಾಗಿ ಹೆಬ್ಬೆಟ್ಟು ಒತ್ತುತ್ತಾನೆ. ಮೇಲುಸ್ತುವಾರಿಯೆಂಬ ಶಬ್ದವು ಆ ಸಮಿತಿಯ ಹೆಸರಿನಲ್ಲಿಯೇ ಇದೆ. ಕ್ಯಾಮರಾ ಬರುವದಕ್ಕಿಂತ ಎಷ್ಟೋ ವರ್ಷ ಮೊದಲೇ ಅಂಥ ಒಂದು ಕಣ್ಣನ್ನು ಊರಿಗೆ ಕೊಟ್ಟಾಗಿತ್ತು. ಊರಿನ ತಿಳಿದವರು ಅದನ್ನು ತೆರೆಯಲಿಲ್ಲ. ದಿನವೂ ನೋಡಬೇಕಾದ ನೆರೆಯವನು ನೋಡದಿದ್ದುದರಿಂದಲೇ ವರ್ಷಕ್ಕೊಮ್ಮೆ ನೋಡುವ ದೂರದವನು ಬರಬೇಕಾಯಿತು. ಪಾಲಕರಲ್ಲದವರಿಗೆ ಸಮಿತಿಯಲ್ಲಿ ಸ್ಥಾನವಿಲ್ಲವೆಂದು ಕೆಲವರು ಕಾಯಿದೆಯ ಕಲಮನ್ನು ತೋರಿಸಬಹುದು. ಸ್ಥಾನವಿಲ್ಲದಿದ್ದರೇನು? ಸಂಜೆ ಒಂದು ತಾಸು ಶಾಲೆಯ ಜಗಲಿಯಲ್ಲಿ ಕುಳಿತು ನಾಲ್ಕು ಮಕ್ಕಳಿಗೆ ಓದು ಹೇಳಿಕೊಡುವದಕ್ಕೆ ಯಾವ ಕಲಮೂ ಅಡ್ಡ ಬಂದಿಲ್ಲ.

ಬರುವ ಜೂನಿನಲ್ಲಿ ಶಾಲೆಗಳು ತೆರೆಯುತ್ತವೆ. ನಾಲ್ಕೂ ತಾಲೂಕುಗಳ ಪ್ರತಿಯೊಂದು ಶಾಲೆಯೂ, ಅಧಿಕಾರಿಯ ಆಜ್ಞೆಗಾಗಿ ಕಾಯದೆ, ನಾಲ್ಕನೆಯ ತರಗತಿಯ ಎಷ್ಟು ಮಕ್ಕಳು ತಡೆಯಿಲ್ಲದೆ ಕನ್ನಡವನ್ನು ಓದಬಲ್ಲರು, ಎಷ್ಟು ಮಕ್ಕಳಿಗೆ ಕಳೆಯುವ ಲೆಕ್ಕ ಬರುತ್ತದೆ ಎಂಬುದನ್ನು ಸಟೆಯಿಲ್ಲದೆ ಒಂದು ಹಲಗೆಯ ಮೇಲೆ ಬರೆದು ಹೊರಗಿನ ಗೋಡೆಗೆ ತೂಗಹಾಕಲಿ. ಅದರ ಪಕ್ಕದಲ್ಲಿಯೇ ಮಂಜೂರಾದ ಶಿಕ್ಷಕರ ಸಂಖ್ಯೆಯನ್ನೂ ಇರುವವರ ಸಂಖ್ಯೆಯನ್ನೂ ಬರೆಯಲಿ. ದೀಪಾವಳಿಯ ರಜೆಯ ಮೊದಲು, ಕಬ್ಬಿನ ತಂಡಗಳು ಹೊರಡುವ ಮುನ್ನ, ಗ್ರಾಮಸಭೆಯಲ್ಲಿ ಆ ಎರಡೂ ಅಂಕಿಗಳನ್ನು ಗಟ್ಟಿಯಾಗಿ ಓದಲಿ. ಮೊದಲನೆಯ ಅಂಕಿಗೆ ಮಾಸ್ತರನು ಉತ್ತರ ಕೊಡಲಿ. ಎರಡನೆಯದಕ್ಕೆ ಉತ್ತರ ಕೊಡಬೇಕಾದವರು ಯಾರೆಂದು ಆ ಸಭೆಯೇ ಹೆಸರಿಟ್ಟು ಬರೆದು ಕಳಿಸಲಿ.